ಒಬ್ಬರಿಗೆ ಒಬ್ಬರೇ ಅನ್ನೋದು ಮನುಷ್ಯರ ಹುಟ್ಟುಗುಣವಾ? ಕಥೆಯಲ್ಲಿ ಅದಿಲ್ಲದ ಊರನ್ನು ಕಟ್ಟೋದು ಹೇಗೆ?

ಮುಂಗಾರು_ಓದುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ. ಅರ್ಧ ದಾಟಿದೆ, ಈಗ ಮುಂದೆ ಹೋಗುತ್ತಿಲ್ಲ. ಕಥೆ ನಡೆಯುವುದು ಇನ್ನು ಮುನ್ನೂರು ವರ್ಷ ಆದಮೇಲೆ. ಸಮುದ್ರ ಏರಿ ಕರಾವಳಿಯ ಊರುಗಳು ಮುಳುಗಿವೆ. ಅಲ್ಲಿಂದ ಬಂದವರು ಘಟ್ಟದ ಮೇಲೆ ಹೊಸ ಊರು ಕಟ್ಟಿಕೊಂಡಿದ್ದಾರೆ. ಆ ಊರಲ್ಲಿ ಗಂಡ ಹೆಂಡತಿ ಅಂತ ಜೋಡಿ ಇಲ್ಲ. ನಾಲ್ಕೈದು ಜನ ಸೇರಿ ಒಂದು ಮನೆ ಹೂಡುತ್ತಾರೆ. ಹುಟ್ಟಿದ ಮಕ್ಕಳು ಆ ಮನೆಯ ಮಕ್ಕಳು, ಅಪ್ಪ ಯಾರು ಅಂತ ಯಾರೂ ಕೇಳುವುದಿಲ್ಲ.

ಬರೆದಷ್ಟನ್ನು ಇಬ್ಬರು ಗೆಳತಿಯರಿಗೆ ಓದಲು ಕೊಟ್ಟೆ. ಒಬ್ಬಳು ಹೇಳಿದಳು, "ಇದನ್ನ ನಂಬೋಕೆ ಆಗಲ್ಲ ಕಣೆ. ನನ್ನವನು, ನನ್ನವಳು ಅನ್ನೋದು ಹುಟ್ಟಿನಿಂದಲೇ ಬಂದಿರುತ್ತೆ. ಹೊಟ್ಟೆಕಿಚ್ಚೇ ಇಲ್ಲದ ಜನ ಮನುಷ್ಯರ ಹಾಗೆ ಕಾಣಲ್ಲ." ಇನ್ನೊಬ್ಬಳದು ಪೂರ್ತಿ ಉಲ್ಟಾ. ಮದುವೆ ಅನ್ನೋದೇ ಆಸ್ತಿ ಉಳಿಸಿಕೊಳ್ಳೋಕೆ ಮಾಡಿಕೊಂಡ ಏರ್ಪಾಡು, ಮನುಷ್ಯರು ಮೂಲದಲ್ಲಿ ಹಾಗೆ ಇರಲೇ ಇಲ್ಲ, ನಿನ್ನ ಊರೇ ಪ್ರಕೃತಿಗೆ ಹತ್ತಿರ ಅಂತ ಅವಳ ವಾದ. ಇಬ್ಬರೂ ಅಷ್ಟೇ ಖಚಿತವಾಗಿ ಹೇಳುತ್ತಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ.

ಹಾಗಾಗಿ ಇಲ್ಲಿ ಎರಡು ಪ್ರಶ್ನೆ ಕೇಳುತ್ತಿದ್ದೇನೆ. ಒಬ್ಬರಿಗೆ ಒಬ್ಬರೇ ಅನ್ನೋದು ನಮ್ಮ ದೇಹದಲ್ಲೇ ಇದೆಯಾ, ಇಲ್ಲಾ ನಾವು ಕಲಿತದ್ದಾ? ಎರಡನೆಯದು ನನಗೆ ಇನ್ನೂ ಮುಖ್ಯ. ನಮ್ಮ ಕಥೆಗಳು, ಸಿನಿಮಾಗಳು, ಧಾರಾವಾಹಿಗಳು ಬಹುಪಾಲು ಇದರ ಮೇಲೇ ನಿಂತಿವೆ. ಇಬ್ಬರು ಸೇರುತ್ತಾರಾ ಇಲ್ಲವಾ ಅಂತ ಓದುಗರು ಕಾಯುತ್ತಾರೆ. ಮೂರನೆಯವರು ಬಂದರೆ ಎದೆ ಢವಢವ ಅನ್ನುತ್ತದೆ. ಆ ನೆಲವನ್ನೇ ತೆಗೆದುಬಿಟ್ಟರೆ ಕಥೆ ಯಾವುದರ ಮೇಲೆ ನಿಲ್ಲಬೇಕು? ನನ್ನ ಊರಿನ ಜನ ಎಲ್ಲರೂ ಒಳ್ಳೆಯವರಾಗಿ, ಹೊಂದಿಕೊಂಡು ಇದ್ದಾರೆ, ಓದಿದರೆ ಸಪ್ಪೆಯಾಗಿದೆ. ಸುಮ್ನೆ ಒಬ್ಬರಿಗೆ ಹೊಟ್ಟೆಕಿಚ್ಚು ಹಚ್ಚಿಬಿಟ್ಟರೆ ಮೊದಲ ಗೆಳತಿ ಗೆದ್ದ ಹಾಗಾಯಿತು. ಅದು ನನಗೆ ಬೇಡ. ತಿಳಿದವರು ಹೇಳಿ.

ಕಾಡುಹಾದಿ:

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಆ ಕಡೆಯಿಂದ ಗೊತ್ತಿರುವುದನ್ನು ಹೇಳುತ್ತೇನೆ, ಕಥೆಯ ವಿಷಯಕ್ಕೆ ಬೇರೆಯವರು ಬರಲಿ.

ಮೊದಲು ಎರಡು ಸಂಗತಿಗಳನ್ನು ಬೇರೆ ಮಾಡಿಕೊಳ್ಳಿ. ಜೋಡಿಯಾಗಿ ಬಾಳುವುದು ಬೇರೆ. ಆ ಜೋಡಿ ಬಿಟ್ಟು ಇನ್ನೊಬ್ಬರ ಹತ್ತಿರ ಹೋಗದೆ ಇರುವುದು ಬೇರೆ. ಹಕ್ಕಿಗಳನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ನೂರಕ್ಕೆ ಸುಮಾರು ತೊಂಬತ್ತು ಜಾತಿಯ ಹಕ್ಕಿಗಳು ಜೋಡಿ ಕಟ್ಟುತ್ತವೆ. ದಾಂಡೇಲಿ ಕಡೆ ಹೋದವರು ಮಂಗಟ್ಟೆ ಹಕ್ಕಿ ನೋಡಿರುತ್ತೀರಿ. ಹೆಣ್ಣು ಮರದ ಪೊಟರೆಯೊಳಗೆ ಕೂತು, ಪೊಟರೆಯ ಬಾಯಿಗೆ ಮೆತ್ತಿ, ಒಂದು ಸಣ್ಣ ಸೀಳು ಮಾತ್ರ ಬಿಡುತ್ತದೆ. ವಾರಗಟ್ಟಲೆ ಗಂಡು ಹಣ್ಣು ತಂದು ಆ ಸೀಳಿನಿಂದ ಉಣಿಸಬೇಕು. ಗಂಡು ಬರದೇ ಹೋದರೆ ಒಳಗಿರುವ ತಾಯಿಗೂ ಮರಿಗೂ ಕಷ್ಟ. ಇಂಥ ಕಡೆ ಜೋಡಿ ಗಟ್ಟಿಯಾಗಿರುತ್ತದೆ, ಯಾಕೆಂದರೆ ಒಬ್ಬರಿಂದ ಮರಿ ಸಾಕಲು ಆಗುವುದಿಲ್ಲ. ಆದರೆ 1980ರ ದಶಕದ ಕೊನೆಗೆ ಡಿಎನ್‌ಎ ಪರೀಕ್ಷೆ ಬಂದಮೇಲೆ ಜೋಡಿ ಹಕ್ಕಿಗಳ ಗೂಡುಗಳನ್ನು ನೋಡಿದರು. ಎಷ್ಟೋ ಜಾತಿಗಳಲ್ಲಿ ಗೂಡಿನ ಮರಿಗಳಲ್ಲಿ ಕೆಲವು ಬೇರೆ ಗಂಡಿನವು. ಆಸ್ಟ್ರೇಲಿಯಾದ ಫೇರಿ ರೆನ್ ಅನ್ನುವ ಪುಟ್ಟ ನೀಲಿ ಹಕ್ಕಿಯಲ್ಲಂತೂ ಅರ್ಧಕ್ಕಿಂತ ಜಾಸ್ತಿ. ಆದರೂ ಜೋಡಿ ಒಡೆಯುವುದಿಲ್ಲ, ಗಂಡು ಮರಿಗಳಿಗೆ ಉಣಿಸುತ್ತಲೇ ಇರುತ್ತದೆ.

ಹಾಲುಣಿಸುವ ಪ್ರಾಣಿಗಳಲ್ಲಿ ಜೋಡಿ ಕಟ್ಟುವವೇ ಕಡಿಮೆ. 2013ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಸುಮಾರು 2500 ಜಾತಿಗಳನ್ನು ನೋಡಿ, ನೂರಕ್ಕೆ ಒಂಬತ್ತರಷ್ಟು ಜಾತಿಗಳು ಮಾತ್ರ ಜೋಡಿಯಾಗಿ ಬಾಳುತ್ತವೆ ಅಂದಿತು. ಹೆಣ್ಣುಗಳು ದೂರ ದೂರ ಚದುರಿರುವ ಕಡೆ ಒಂದು ಗಂಡು ಒಂದಕ್ಕಿಂತ ಜಾಸ್ತಿ ಹೆಣ್ಣನ್ನು ಕಾಯಲು ಆಗುವುದಿಲ್ಲ, ಹಾಗಾಗಿ ಜೋಡಿ ಬಂತು ಅನ್ನುವುದು ಅವರ ವಾದ. ಅದೇ ವಾರ ಇನ್ನೊಂದು ತಂಡ ಮಂಗಗಳ ಕುಲವನ್ನಷ್ಟೇ ನೋಡಿ, ಬೇರೆ ಗಂಡುಗಳು ಮರಿಯನ್ನು ಕೊಲ್ಲದಂತೆ ಕಾಯಲು ಜೋಡಿ ಬಂತು ಅಂದಿತು. ಈ ಜಗಳ ಇನ್ನೂ ಮುಗಿದಿಲ್ಲ.

ಈಗ ಮನುಷ್ಯರ ದೇಹ. ಗೊರಿಲ್ಲಾದಲ್ಲಿ ಗಂಡು ಹೆಣ್ಣಿನ ಎರಡರಷ್ಟು ತೂಕ, ಯಾಕೆಂದರೆ ಗಂಡುಗಳು ಹೊಡೆದಾಡಿ ಒಂದು ಹಿಂಡು ಹೆಣ್ಣುಗಳನ್ನು ಇಟ್ಟುಕೊಳ್ಳುತ್ತವೆ. ಚಿಂಪಾಂಜಿಯಲ್ಲಿ ಹೆಣ್ಣು ಹಲವು ಗಂಡುಗಳ ಜೊತೆ ಸೇರುತ್ತದೆ, ಹಾಗಾಗಿ ಪೈಪೋಟಿ ಹೆಣ್ಣಿನ ದೇಹದ ಒಳಗೆ, ವೀರ್ಯಗಳ ನಡುವೆ ನಡೆಯುತ್ತದೆ. ಅಷ್ಟು ಸಣ್ಣ ಪ್ರಾಣಿಯ ವೃಷಣ ಸುಮಾರು 120 ಗ್ರಾಂ, ಅಷ್ಟು ದೊಡ್ಡ ಗೊರಿಲ್ಲಾದ್ದು 30 ಗ್ರಾಂ. ಮನುಷ್ಯರದ್ದು 40ರ ಆಸುಪಾಸು. ನಮ್ಮ ಗಂಡಸರು ಹೆಂಗಸರಿಗಿಂತ ಸ್ವಲ್ಪ ದೊಡ್ಡವರು, ಎರಡರಷ್ಟಲ್ಲ. ಕೋರೆಹಲ್ಲು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಅಂದರೆ ಹಿಂಡು ಕಟ್ಟುವ ಗೊರಿಲ್ಲಾದ ದೇಹವೂ ನಮ್ಮದಲ್ಲ, ಎಲ್ಲರ ಜೊತೆ ಸೇರುವ ಚಿಂಪಾಂಜಿಯ ದೇಹವೂ ಅಲ್ಲ. ನಿಮ್ಮ ಎರಡನೇ ಗೆಳತಿ ಹೇಳುವ ಹಾಗೆ ನಮ್ಮ ಪೂರ್ವಜರು ಯಾರಿಗೆ ಯಾರೂ ಅಲ್ಲದ ಹಾಗೆ ಇದ್ದರು ಅನ್ನುವುದಕ್ಕೆ ದೇಹ ಸಾಕ್ಷಿ ಹೇಳುವುದಿಲ್ಲ. ಫಿಲಿಪ್ಪೀನ್ಸಿನ ಸೆಬು ಊರಲ್ಲಿ ಆರುನೂರಕ್ಕೂ ಹೆಚ್ಚು ಹುಡುಗರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2011ರಲ್ಲಿ ಬಂತು. ಅಪ್ಪ ಆದವರಲ್ಲಿ ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನು ಇಳಿದಿತ್ತು, ಮಗುವಿನ ಜೊತೆ ದಿನವೂ ಜಾಸ್ತಿ ಹೊತ್ತು ಕಳೆಯುವವರಲ್ಲಿ ಇನ್ನೂ ಕಡಿಮೆ ಇತ್ತು. ಗಂಡಸಿನ ದೇಹ ಸಾಕುವ ಕೆಲಸಕ್ಕೆ ಹೊಂದಿಕೊಳ್ಳುತ್ತದೆ ಅಂತಾಯಿತು.

ಆದರೆ ಮೊದಲನೇ ಗೆಳತಿಯೂ ಪೂರ್ತಿ ಸರಿಯಲ್ಲ. ಬೆಲ್ಜಿಯಂ, ನೆದರ್ಲೆಂಡ್ಸ್ ಕಡೆ ಹಳೇ ವಂಶಾವಳಿಗಳನ್ನೂ ಡಿಎನ್‌ಎಯನ್ನೂ ಹೋಲಿಸಿ ನೋಡಿದಾಗ, ಗಂಡನದ್ದಲ್ಲದ ಮಗು ತಲೆಮಾರಿಗೆ ನೂರಕ್ಕೆ ಒಂದೆರಡು ಮಾತ್ರ. ನಮೀಬಿಯಾದ ಹಿಂಬಾ ಜನರಲ್ಲಿ 2020ರ ಅಧ್ಯಯನದ ಪ್ರಕಾರ ಅದು ನೂರಕ್ಕೆ 48. ಅಲ್ಲಿ ಅದು ಗುಟ್ಟೂ ಅಲ್ಲ. ಯಾವ ಮಗು ಯಾರದ್ದು ಅಂತ ತಾಯಂದಿರಿಗೂ ಗಂಡಂದಿರಿಗೂ ಬಹುಪಾಲು ಸರಿಯಾಗಿಯೇ ಗೊತ್ತು, ಗೊತ್ತಿದ್ದೇ ಗಂಡ ಸಾಕುತ್ತಾನೆ. ದೇಹ ಒಂದೇ, ಊರಿನ ಕಟ್ಟಳೆ ಬೇರೆ. ನನ್ನ ತಿಳಿವಿನಲ್ಲಿ ಹೇಳುವುದಾದರೆ ಒಬ್ಬರನ್ನು ಹಚ್ಚಿಕೊಳ್ಳುವ ಗುಣ ನಮ್ಮ ದೇಹದಲ್ಲಿ ಇದೆ, ಅವರು ದೂರವಾದರೆ ಉರಿಯುವುದೂ ಇದೆ, ಸಾಯುವ ತನಕ ಒಬ್ಬರೇ ಅನ್ನುವ ಮುದ್ರೆ ಇಲ್ಲ.

ಕಡಲತಡಿ:

ಕಾಡುಹಾದಿ ಅವರು ಹೇಳಿದ ಕಟ್ಟಳೆಯ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ನಾನು ಓದಿದ್ದು ಸಮಾಜಶಾಸ್ತ್ರ, ಊರು ಉಡುಪಿ ಕಡೆ.

ಮರ್ಡಾಕ್ ಅನ್ನುವವರು 1967ರಲ್ಲಿ ಲೋಕದ ಸಮಾಜಗಳ ಒಂದು ದೊಡ್ಡ ಪಟ್ಟಿ ಮಾಡಿದರು. ಅದರಲ್ಲಿ ಲೆಕ್ಕ ಸಿಕ್ಕಿದ 1231 ಸಮಾಜಗಳಲ್ಲಿ ಒಬ್ಬರಿಗೆ ಒಬ್ಬರೇ ಅನ್ನುವ ಕಟ್ಟಳೆ ಇದ್ದದ್ದು 186ರಲ್ಲಿ. ಒಬ್ಬ ಗಂಡಸು ಹಲವರನ್ನು ಮದುವೆಯಾಗುವುದು ಸಾವಿರಕ್ಕೂ ಹೆಚ್ಚು ಸಮಾಜಗಳಲ್ಲಿ ಇತ್ತು, ಎಲ್ಲೋ ಅಪರೂಪಕ್ಕೆ ಅಥವಾ ರೂಢಿಯಾಗಿ. ಒಬ್ಬ ಹೆಂಗಸಿಗೆ ಹಲವು ಗಂಡಂದಿರು ಅನ್ನುವುದು ನಾಲ್ಕರಲ್ಲಿ ಮಾತ್ರ. ಈ ಲೆಕ್ಕ ಹಿಡಿದು ತುಂಬಾ ಜನ "ಮನುಷ್ಯರು ಬಹುಪತ್ನಿ ಪ್ರಾಣಿ" ಅಂತ ವಾದ ಮಾಡುತ್ತಾರೆ. ಸ್ವಲ್ಪ ತಡೆಯಿರಿ. ಕಟ್ಟಳೆ ಬಿಟ್ಟಿದೆ ಅಂದ ಮಾತ್ರಕ್ಕೆ ಎಲ್ಲರೂ ಮಾಡುತ್ತಾರೆ ಅಂತಲ್ಲ. ಆ ಸಮಾಜಗಳಲ್ಲೂ ಹೆಚ್ಚಿನ ಮದುವೆಗಳು ಇಬ್ಬರದ್ದೇ. ನಾಲ್ಕು ಹೆಂಡಿರನ್ನು ಸಾಕುವಷ್ಟು ದನ, ಹೊಲ ಎಲ್ಲರ ಹತ್ತಿರ ಎಲ್ಲಿರುತ್ತದೆ? ಮತ್ತೆ ಹುಟ್ಟುವ ಗಂಡು ಹೆಣ್ಣಿನ ಲೆಕ್ಕ ಹೆಚ್ಚುಕಡಿಮೆ ಸಮ. ಒಬ್ಬ ನಾಲ್ವರನ್ನು ಮದುವೆಯಾದರೆ ಮೂವರು ಗಂಡಸರು ಬರಿಗೈಯಲ್ಲಿ ಉಳಿಯುತ್ತಾರೆ. ಏಕಪತ್ನಿತ್ವ ಲೋಕದಲ್ಲಿ ಹರಡಿದ್ದಕ್ಕೆ ಇದೇ ಕಾರಣ, ಮದುವೆಯಾಗದ ಗಂಡಸರ ದಂಡು ಕಡಿಮೆಯಾದಷ್ಟೂ ಊರಿನಲ್ಲಿ ಕಳ್ಳತನ, ಹೊಡೆದಾಟ ಕಡಿಮೆ ಅಂತ ಜೋಸೆಫ್ ಹೆನ್ರಿಕ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು 2012ರಲ್ಲಿ ವಾದ ಮಂಡಿಸಿದರು. ನನಗೆ ಇದು ಬಹುಪಾಲು ಒಪ್ಪಿಗೆ.

ಹಲವು ಗಂಡಂದಿರ ಪದ್ಧತಿಗೂ ಅದರದೇ ಕಾರಣ ಇರುತ್ತದೆ. ಹಿಮಾಲಯದ ಕಡೆ ಕಿನ್ನೌರ್, ಟಿಬೆಟ್‌ಗಳಲ್ಲಿ ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗುತ್ತಿದ್ದದ್ದು ಮುಖ್ಯವಾಗಿ ಹೊಲ ಪಾಲಾಗಬಾರದು ಅಂತ. 2025ರ ಜುಲೈನಲ್ಲಿ ಹಿಮಾಚಲದ ಸಿರ್ಮೌರ್ ಜಿಲ್ಲೆಯಲ್ಲಿ ಹಟ್ಟಿ ಸಮುದಾಯದ ಇಬ್ಬರು ಅಣ್ಣತಮ್ಮಂದಿರು ಎಲ್ಲರೆದುರೇ ಹೀಗೆ ಮದುವೆಯಾದ ಸುದ್ದಿ ನೀವೂ ನೋಡಿರಬಹುದು. ನಮ್ಮ ಗಡಿಗೆ ತಾಗಿದ ನೀಲಗಿರಿಯ ತೋಡರಲ್ಲಿ ಇನ್ನೂ ಒಂದು ವಿಶೇಷ ಇತ್ತು. ಅಪ್ಪ ಯಾರು ಅನ್ನುವುದು ರಕ್ತದಿಂದ ತೀರ್ಮಾನ ಆಗುತ್ತಿರಲಿಲ್ಲ. ಬಸಿರಿಗೆ ಏಳನೇ ತಿಂಗಳ ಹೊತ್ತಿಗೆ ಗಂಡಂದಿರಲ್ಲಿ ಒಬ್ಬ ಅವಳಿಗೆ ಬಿಲ್ಲು ಬಾಣ ಕೊಡುವ ಶಾಸ್ತ್ರ ಮಾಡುತ್ತಿದ್ದ. ಕೊಟ್ಟವನೇ ಅಪ್ಪ. ರಿವರ್ಸ್ ಅನ್ನುವ ವಿದ್ವಾಂಸರು 1906ರ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ.

ನಮ್ಮ ತುಳುನಾಡಿನ ಅಳಿಯಸಂತಾನದಲ್ಲಿ ಆಸ್ತಿ ಹೋಗುತ್ತಿದ್ದದ್ದು ಮಾವನಿಂದ ಸೋದರಳಿಯನಿಗೆ. ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ಹಾಗಾಗಿ ಗಂಡ ಹೆಂಡತಿ ಬಿಟ್ಟರೂ, ಹೆಂಗಸು ಇನ್ನೊಂದು ಮದುವೆಯಾದರೂ ಮಕ್ಕಳ ಹಕ್ಕಿಗೆ ಧಕ್ಕೆ ಆಗುತ್ತಿರಲಿಲ್ಲ. ಹೆಣ್ಣಿನ ಮೇಲಿನ ಕಾವಲು ಎಷ್ಟು ಬಿಗಿ ಅನ್ನುವುದು ಆಸ್ತಿ ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದಕ್ಕೆ ಕಟ್ಟಿಹಾಕಿಕೊಂಡಿದೆ. ನಿಮ್ಮ ಎರಡನೇ ಗೆಳತಿಯ ಮಾತಿನಲ್ಲಿ ಇಷ್ಟು ನಿಜ ಇದೆ.

ಕಾನೂನನ್ನೂ ನೋಡಿ. ಎರಡನೇ ಹೆಂಡತಿ ತರುವುದು ಧಾರವಾಡ, ಬೆಳಗಾವಿ, ವಿಜಯಪುರ ಕಡೆಯ ಹಿಂದೂಗಳಿಗೆ ಅಪರಾಧ ಆದದ್ದು ಮುಂಬಯಿ ಪ್ರಾಂತದ 1946ರ ಕಾಯ್ದೆಯಿಂದ. ನಮ್ಮ ಮಂಗಳೂರು ಕಡೆ ಮದರಾಸಿನ 1949ರ ಕಾಯ್ದೆ. ಆಮೇಲೆ 1955ರ ಹಿಂದೂ ವಿವಾಹ ಕಾಯ್ದೆ ಬಂತು. ನಮ್ಮ ಅಜ್ಜಂದಿರ ಕಾಲದ ಮಾತು ಇದು, ಅಷ್ಟು ಹೊಸದು. ಹಳೇ ದಂಡಸಂಹಿತೆಯ 497ನೇ ಕಲಂ ಪ್ರಕಾರ ಇನ್ನೊಬ್ಬನ ಹೆಂಡತಿಯ ಜೊತೆ ಸೇರಿದ ಗಂಡಸಿಗೆ ಶಿಕ್ಷೆ ಇತ್ತು, ಗಂಡ ಒಪ್ಪಿದ್ದರೆ ಅಪರಾಧವೇ ಇರಲಿಲ್ಲ. ಅವಳನ್ನು ಗಂಡನ ಸೊತ್ತಿನ ಹಾಗೆ ಕಂಡ ಆ ಕಲಂ ಅನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2018ರಲ್ಲಿ.

ಹಾಗಾಗಿ ನಿಮ್ಮ ಊರಿನಲ್ಲಿ ಜಮೀನು ಯಾರ ಹೆಸರಲ್ಲಿದೆ, ನೀರು ಯಾರ ಕೈಯಲ್ಲಿದೆ, ಒಬ್ಬರು ಸತ್ತರೆ ಯಾರಿಗೆ ಏನು ಬರುತ್ತದೆ ಅಂತ ಮೊದಲು ಬರೆದುಕೊಳ್ಳಿ. ಅಲ್ಲಿಂದ ಮದುವೆ ತಾನೇ ಹುಟ್ಟುತ್ತದೆ.

ಬಯಲುಸೀಮೆ_ಬಿಸಿಲು:

ಮೇಲಿನ ಎರಡೂ ಉತ್ತರ ಓದಿದೆ. ತುಂಬಾ ಕಲಿತೆ. ಆದರೆ ಲೆಕ್ಕಗಳ ನಡುವೆ ಒಂದು ವಿಷಯ ಬಿಟ್ಟುಹೋಗುತ್ತಿದೆ, ಅದನ್ನು ಹೇಳದೆ ಇರಲು ಆಗುತ್ತಿಲ್ಲ.

ನಮ್ಮ ಮುತ್ತಜ್ಜನಿಗೆ ಇಬ್ಬರು ಹೆಂಡಿರು. ಗದಗದ ಹತ್ತಿರದ ಹಳ್ಳಿ, ಕಾನೂನು ಬರುವ ಮುಂಚಿನ ಮಾತು. ದೊಡ್ಡಾಕೆಗೆ ಮಕ್ಕಳಾಗಲಿಲ್ಲ ಅಂತ ಸಣ್ಣಾಕೆಯನ್ನು ತಂದರು. ಮನೆಯಲ್ಲಿ ಜಗಳ ಇರಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ದೊಡ್ಡಾಕೆಯೇ ಮಕ್ಕಳನ್ನು ಎತ್ತಿ ಆಡಿಸಿದಳು, ನಮ್ಮಜ್ಜಿ ಆಕೆಯನ್ನೇ ಅವ್ವ ಅಂತ ಕರೆದು ಬೆಳೆದಳು. ಹೊರಗಿನವರು ನೋಡಿದರೆ ಮುಂಗಾರು ಅವರ ಕಾದಂಬರಿಯ ಮನೆಯ ಹಾಗೇ ಇತ್ತು. ಆದರೆ ಆಕೆ ತವರಿನಿಂದ ತಂದ ತಾಮ್ರದ ಪಾತ್ರೆಗಳನ್ನು ಒಂದು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದಳಂತೆ. ಎಂಥ ಹಬ್ಬಕ್ಕೂ ಹೊರಗೆ ತೆಗೆಯಲಿಲ್ಲ, ಯಾರಿಗೂ ಮುಟ್ಟಲು ಕೊಡಲಿಲ್ಲ. ಬೀಗದ ಕೈ ಸಾಯುವ ತನಕ ಸೊಂಟದಲ್ಲೇ ಇತ್ತು. ಬೀಸುವಾಗ ಆಕೆ ಹಾಡುತ್ತಿದ್ದದ್ದು ಮಾತ್ರ ಸವತಿಯ ಹಾಡುಗಳು. ಎದುರಿಗೆ ಆಡಲಾಗದ್ದನ್ನು ನಮ್ಮ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಹಾಡಿಕೊಂಡಿದ್ದಾರೆ, ಸವತಿಯ ಸಂಕಟ ಹೇಳುವ ತ್ರಿಪದಿಗಳು ಎಷ್ಟಿವೆ ನೋಡಿ.

ಸಾವಿರ ಸಮಾಜಗಳಲ್ಲಿ ಬಹುಪತ್ನಿತ್ವ ಇತ್ತು ಅಂತ ಪಟ್ಟಿ ಮಾಡಿದವರು ಆ ಮನೆಗಳ ದೊಡ್ಡ ಹೆಂಡಿರನ್ನು ಕೇಳಿ ಬರೆದುಕೊಂಡರಾ? ಒಂದು ಪದ್ಧತಿ ನಡೆದುಕೊಂಡು ಬಂತು ಅಂದರೆ ಅದರೊಳಗಿನವರಿಗೆ ಸರಿ ಇತ್ತು ಅಂತಲ್ಲ. ಒಬ್ಬರಿಗೆ ಒಬ್ಬರೇ ಅನ್ನುವುದು ಪ್ರಕೃತಿಯಲ್ಲಿ ಇದೆಯೋ ಇಲ್ಲವೋ, ನನಗೆ ಅದು ಅಷ್ಟು ಮುಖ್ಯ ಅಲ್ಲ. ಬೇಡ ಅನ್ನುವ ಹಕ್ಕು ಯಾರಿಗಿತ್ತು ಅನ್ನುವುದು ಮುಖ್ಯ. ನಿಮ್ಮ ಊರಲ್ಲಿ ಒಬ್ಬಳು "ನನಗೆ ಈ ನಾಲ್ವರು ಬೇಡ, ಇವನೊಬ್ಬನೇ ಸಾಕು" ಅಂದರೆ ಏನು ಮಾಡುತ್ತಾರೆ? ಅದನ್ನು ಬರೆಯಿರಿ ಅಕ್ಕಾ.

ಹಳೆಗನ್ನಡ_ಮೇಷ್ಟ್ರು:

ಬಯಲುಸೀಮೆ ಅವರ ಕೊನೆಯ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕಥೆಯ ಬಗ್ಗೆ ನಾನು ಹೇಳಬೇಕು ಅಂದುಕೊಂಡಿದ್ದಕ್ಕೂ ಅದಕ್ಕೂ ನೇರ ಸಂಬಂಧ ಇದೆ.

ಮುಂಗಾರು ಅವರೇ, ನಮ್ಮ ಕಥೆಗಳು ಬಹುಪಾಲು ಜೋಡಿಯ ಮೇಲೆ ನಿಂತಿವೆ ಅಂದಿರಿ. ಇತ್ತೀಚಿನ ಸಿನಿಮಾಗೆ ಸರಿ. ಹಿಂದಕ್ಕೆ ಹೋದರೆ ಹಾಗಿಲ್ಲ. ದಶರಥನಿಗೆ ಮೂವರು ಪಟ್ಟದರಸಿಯರು, ಆ ಮನೆಯ ಜಗಳದಿಂದಲೇ ರಾಮಾಯಣ ಶುರುವಾಗುತ್ತದೆ. ರಾಮ ಒಬ್ಬಳನ್ನೇ ಹಿಡಿದು ನಿಂತದ್ದು ಹೆಗ್ಗಳಿಕೆ ಆದದ್ದು ಸುತ್ತಲಿನ ಅರಸರು ಹಾಗೆ ಇರಲಿಲ್ಲ ಅನ್ನುವ ಕಾರಣಕ್ಕೆ. ಜೈನ ರಾಮಾಯಣಗಳ ಪರಂಪರೆಯಲ್ಲಿ ರಾಮನಿಗೂ ಹಲವು ಹೆಂಡಿರು. ಒಂದೇ ಕಥೆ, ಹೇಳುವವರ ಕಣ್ಣಿಗೆ ದೊಡ್ಡಸ್ತಿಕೆ ಯಾವುದರಲ್ಲಿದೆಯೋ ಅದಕ್ಕೆ ತಕ್ಕಂತೆ ತಿರುಗುತ್ತದೆ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಪಂಪ. ಹತ್ತನೇ ಶತಮಾನದಲ್ಲಿ, 941ರ ಹೊತ್ತಿಗೆ, ಅವನು ಭಾರತವನ್ನು ಕನ್ನಡದಲ್ಲಿ ಹೇಳಿದಾಗ ದ್ರೌಪದಿಯನ್ನು ಐವರಿಗೆ ಕೊಡಲಿಲ್ಲ. ಅವಳು ಅರ್ಜುನನೊಬ್ಬನ ಹೆಂಡತಿ. ಅವನ ಕಾವ್ಯದಲ್ಲಿ ಅರ್ಜುನ ಅಂದರೆ ಅವನ ದೊರೆ ಅರಿಕೇಸರಿ. ತನ್ನ ದೊರೆಯ ಹೆಂಡತಿಯನ್ನು ಇನ್ನು ನಾಲ್ವರ ಜೊತೆ ಹೇಗೆ ಹಂಚುತ್ತಾನೆ? ಹಾಗಾಗಿ ವ್ಯಾಸರ ಕಥೆಯ ನಡುಗಂಬದಂಥ ಸಂಗತಿಯನ್ನೇ ಕಿತ್ತು ಬೇರೆ ಮಾಡಿದ. ಇಷ್ಟಕ್ಕೇ ನಿಂತಿದ್ದರೆ ಒಂದು ಮಾತು. ಆದರೆ ಅರ್ಜುನನಿಗೆ ಮಾತ್ರ ಸುಭದ್ರೆಯೂ ಇದ್ದಾಳೆ, ಕೊನೆಗೆ ಪಟ್ಟ ಕಟ್ಟುವಾಗ ಪಕ್ಕದಲ್ಲಿ ಕೂರುವವಳು ಸುಭದ್ರೆ. ಹೆಣ್ಣಿಗೆ ಒಬ್ಬನೇ ಅಂತ ಕಥೆಯನ್ನೇ ತಿದ್ದಿದ ಕವಿಗೆ ಗಂಡಿನ ಕಡೆ ತಿದ್ದಬೇಕು ಅನ್ನಿಸಲಿಲ್ಲ. ಪಂಪ ನನಗೆ ತುಂಬಾ ಪ್ರೀತಿಯ ಕವಿ, ತರಗತಿಯಲ್ಲಿ ಓದುವಾಗ ಈಗಲೂ ಮೈ ನವಿರೇಳುತ್ತದೆ. ಆದರೂ ಈ ಜಾಗ ಬಂದಾಗ ಮಕ್ಕಳಿಗೆ ಇದನ್ನು ಹೇಳದೆ ಮುಂದೆ ಹೋಗುವುದಿಲ್ಲ.

ಜನ್ನನ ಯಶೋಧರ ಚರಿತೆ 1209ರದ್ದು. ರಾಣಿ ಅಮೃತಮತಿ ನಡುರಾತ್ರಿ ಮಾವುತನೊಬ್ಬನ ಹಾಡು ಕೇಳಿ ಮನಸೋಲುತ್ತಾಳೆ. ಅವನು ನೋಡಲು ಕುರೂಪಿ. ತಡವಾಗಿ ಬಂದಳು ಅಂತ ಅವಳನ್ನು ಹೊಡೆಯುತ್ತಾನೆ. ಆದರೂ ಹೋಗುತ್ತಾಳೆ. ರಾಜ ಹಿಂದೆಯೇ ಹೋಗಿ ನೋಡಿ, ಕತ್ತಿ ಎತ್ತಿ, ಮತ್ತೆ ಇಳಿಸುತ್ತಾನೆ. ಜನ್ನನಿಗೆ ಬೇಕಿದ್ದದ್ದು ಹಿಂಸೆಯ ಬಗ್ಗೆ ಹೇಳುವುದು, ಬಲಿಗೆ ಅಂತ ಮಾಡಿದ ಹಿಟ್ಟಿನ ಕೋಳಿಯನ್ನು ಕೊಂದರೂ ಪಾಪ ಅನ್ನುವುದು. ಆದರೆ ಎಂಟುನೂರು ವರ್ಷದಿಂದ ಓದುಗರು ಬಿಡದೆ ಕೇಳುತ್ತಿರುವುದು ಬೇರೆ: ಅಷ್ಟೆಲ್ಲ ಇದ್ದವಳು ಅವನ ಹತ್ತಿರ ಯಾಕೆ ಹೋದಳು? ಕವಿ ಅವಳನ್ನು ಕೆಟ್ಟವಳು ಅಂತ ತೀರ್ಪು ಕೊಟ್ಟಿದ್ದಾನೆ, ಗಂಡನಿಗೂ ಅತ್ತೆಗೂ ವಿಷ ಹಾಕಿಸಿದ್ದಾನೆ, ಆದರೂ ಆ ಹಾಡು ಕೇಳುವ ಜಾಗದಲ್ಲಿ ಅವನ ಪದ್ಯ ಅವಳ ಪರ ನಿಲ್ಲುತ್ತದೆ. ಗಿರೀಶ ಕಾರ್ನಾಡರು 1980ರಲ್ಲಿ ಇದನ್ನೇ ಹಿಡಿದು ನಾಟಕ ಬರೆದರು. ಉತ್ತರ ಕರ್ನಾಟಕದ ಸಂಗ್ಯಾ ಬಾಳ್ಯಾ ಆಟ ನೋಡಿದವರಿಗೂ ಈ ಅನುಭವ ಆಗಿರುತ್ತದೆ. ಪರರ ಹೆಂಡತಿಗೆ ಆಸೆಪಟ್ಟ ಸಂಗ್ಯಾ ಸಾಯಲೇಬೇಕು ಅಂತ ಆಟ ಮೊದಲಿಂದ ಹೇಳುತ್ತದೆ, ಸತ್ತಾಗ ಬೆಳಗಿನ ಜಾವ ಜನ ಅಳುತ್ತಾರೆ.

ಅಂದರೆ ಕಥೆಗಳು ಕಟ್ಟಳೆಯ ಮೇಲೆ ನಿಂತಿವೆ ಅನ್ನುವುದಕ್ಕಿಂತ, ಕಟ್ಟಳೆಗೂ ಮನಸ್ಸಿಗೂ ನಡುವಿನ ಬಿರುಕಿನಲ್ಲಿ ಹುಟ್ಟಿವೆ ಅನ್ನಬೇಕು. ಕಾರ್ನಾಡರ ನಾಗಮಂಡಲದಲ್ಲಿ ಗಂಡ ದಿನವೂ ಸೂಳೆಯ ಮನೆಗೆ ಹೋಗುತ್ತಾನೆ, ಅವನನ್ನು ಯಾರೂ ಪಂಚಾಯಿತಿಗೆ ಕರೆಯುವುದಿಲ್ಲ. ತಪ್ಪು ಮಾಡಿಲ್ಲ ಅಂತ ಹುತ್ತಕ್ಕೆ ಕೈ ಹಾಕಿ ಆಣೆ ಮಾಡಬೇಕಾದವಳು ರಾಣಿ ಅನ್ನುವ ಅವನ ಹೆಂಡತಿ. ಆ ಅನ್ಯಾಯ ಇರುವುದರಿಂದಲೇ ಆ ದೃಶ್ಯಕ್ಕೆ ಅಷ್ಟು ಶಕ್ತಿ.

ನಿಮ್ಮ ಊರಲ್ಲಿ ಬಿರುಕು ಇಲ್ಲ. ಎಲ್ಲರೂ ಕಟ್ಟಳೆಗೆ ಸರಿಯಾಗಿ ಆಸೆಪಡುತ್ತಾರೆ. ಸಪ್ಪೆ ಅನ್ನಿಸುವುದು ಅದಕ್ಕೇ ಇರಬೇಕು. ಜೋಡಿ ಇಲ್ಲ ಅನ್ನುವುದಕ್ಕಲ್ಲ.

ನಕ್ಷತ್ರ_ನೋಟ:

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ, ವೈಜ್ಞಾನಿಕ ಕಥೆಗಳ ಕಡೆಯಿಂದ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 1990ರ ದಶಕದಲ್ಲಿ "ಓ" ಅನ್ನುವ ಗ್ರಹದ ಕೆಲವು ಕಥೆ ಬರೆದರು. ಅಲ್ಲಿ ಮದುವೆ ಅಂದರೆ ನಾಲ್ವರದ್ದು, ಇಬ್ಬರು ಹೆಂಗಸರು, ಇಬ್ಬರು ಗಂಡಸರು. ಊರಿನ ಜನರೆಲ್ಲ ಬೆಳಗು, ಸಂಜೆ ಅಂತ ಎರಡು ಬಣ. ಮಗು ತಾಯಿಯ ಬಣಕ್ಕೆ ಸೇರುತ್ತದೆ. ತನ್ನ ಬಣದವರ ಜೊತೆ ಸೇರುವುದು ಅಲ್ಲಿ ಮಹಾಪಾಪ. ಹಾಗಾಗಿ ನಾಲ್ವರ ಮದುವೆಯೊಳಗೂ ಯಾರು ಯಾರನ್ನು ಮುಟ್ಟಬಹುದು, ಯಾರನ್ನು ಮುಟ್ಟಬಾರದು ಅಂತ ಗಟ್ಟಿ ಗೆರೆ ಇದೆ. ನಮ್ಮ ಕಣ್ಣಿಗೆ ಏನೂ ತಪ್ಪಿಲ್ಲದ ಇಬ್ಬರ ಪ್ರೀತಿ ಅಲ್ಲಿ ಎದೆ ನಡುಗಿಸುತ್ತದೆ. ಓದುತ್ತಾ ಓದುತ್ತಾ ನಾವೂ ಆ ಊರಿನವರ ಹಾಗೆ ಹೆದರುತ್ತೇವೆ.

ಹಳೇ ನಿಷೇಧ ತೆಗೆದಾಗ ಹೊಸ ನಿಷೇಧ ಬರಲೇಬೇಕು. ಯಾವ ಊರಲ್ಲೂ ಎಲ್ಲವೂ ಸರಿ ಅಂತ ಇರುವುದಿಲ್ಲ. ಬಯಲುಸೀಮೆ ಅವರು ಕೊಟ್ಟ ಹುಡುಗಿ, ಒಬ್ಬನೇ ಸಾಕು ಅನ್ನುವವಳು, ನಿಮ್ಮ ಊರಲ್ಲಿ ಅವಳೇ ತಪ್ಪಿತಸ್ಥೆ. ಅವಳನ್ನು ಜಿಪುಣಿ ಅನ್ನುತ್ತಾರೋ, ಮನೆ ಒಡೆಯುವವಳು ಅನ್ನುತ್ತಾರೋ ನೋಡಿ.

ಮುಂಗಾರು_ಓದುಗಿ:

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ರಾತ್ರಿಯಿಂದ ಇದನ್ನೇ ಓದುತ್ತಿದ್ದೇನೆ.

ಒಬ್ಬನೇ ಸಾಕು ಅನ್ನುವ ಹುಡುಗಿ ಈಗಾಗಲೇ ನನ್ನ ಕಥೆಯಲ್ಲಿ ಇದ್ದಾಳೆ, ಸಣ್ಣ ಪಾತ್ರ, ದೋಣಿ ರಿಪೇರಿ ಮಾಡುವವಳು. ಅವಳನ್ನು ನಡುವಿಗೆ ತರುತ್ತೇನೆ. ಊರಿನಲ್ಲಿ ನೀರಿನ ಪಾಲು ಮನೆಯ ಲೆಕ್ಕದಲ್ಲಿ ಸಿಗುತ್ತದೆ, ತಲೆಯ ಲೆಕ್ಕದಲ್ಲಿ ಅಲ್ಲ. ನಾಲ್ಕಕ್ಕಿಂತ ಕಡಿಮೆ ಜನ ಇದ್ದರೆ ಅದು ಮನೆ ಅಂತ ಲೆಕ್ಕಕ್ಕೇ ಇಲ್ಲ. ಅವರಿಬ್ಬರು ಬೇರೆ ಹೋದರೆ ನೀರು ಇಲ್ಲ. ಕಡಲತಡಿ ಅವರ ಮಾತು ಓದಿದ ಮೇಲೆ ಹೊಳೆದದ್ದು ಇದು.

ಕಾಡುಹಾದಿ ಸರ್, ಇನ್ನೊಂದು ಕೇಳಲಾ? ಅವಳ ಆ ಹಠ ದೇಹದ್ದೇ ಅಂತ ಊರಿನ ವೈದ್ಯೆ ಒಬ್ಬಳು ವಾದ ಮಾಡುವ ಹಾಗೆ ಬರೆಯಬಹುದಾ? ಕೆಲವರು ಹಾಗೆ ಹುಟ್ಟುತ್ತಾರೆ ಅಂತ? ಮತ್ತೆ ಕಡಲತಡಿ ಅವರೇ, ಆ ಬಿಲ್ಲು ಬಾಣದ ಶಾಸ್ತ್ರದಂಥದ್ದೊಂದನ್ನು ನನ್ನ ಊರಿಗೆ ತರಬೇಕು ಅನ್ನಿಸಿದೆ. ಒಂದು ಮಗು ಆದಮೇಲೆ ಮುಂದಿನ ಮಗುವಿಗೆ ಅಪ್ಪ ಯಾರಾಗುತ್ತಿದ್ದರು?

ಕಾಡುಹಾದಿ:

ವಾದ ಮಾಡಿಸಬಹುದು. ಅಮೆರಿಕದಲ್ಲಿ ಪ್ರೇರಿ ವೋಲ್ ಅನ್ನುವ ಇಲಿಯಂಥ ಪ್ರಾಣಿ ಇದೆ, ಜೋಡಿ ಕಟ್ಟುತ್ತದೆ. ಅದರ ಹತ್ತಿರದ ನೆಂಟ ಮೆಡೋ ವೋಲ್ ಕಟ್ಟುವುದಿಲ್ಲ. 2004ರಲ್ಲಿ ಮೆಡೋ ವೋಲ್ ಗಂಡಿನ ಮಿದುಳಿನ ಒಂದು ಜಾಗದಲ್ಲಿ ವ್ಯಾಸೊಪ್ರೆಸಿನ್ ಅನ್ನುವ ರಾಸಾಯನಿಕವನ್ನು ಹಿಡಿಯುವ ಶಕ್ತಿಯನ್ನು ಒಂದೇ ಜೀನ್ ಸೇರಿಸಿ ಹೆಚ್ಚಿಸಿದರು. ಅದು ತನ್ನ ಜೊತೆಗಾತಿಗೆ ಅಂಟಿಕೊಂಡಿತು. ಆಗ ಎಲ್ಲರೂ ನಿಷ್ಠೆಯ ಜೀನ್ ಸಿಕ್ಕಿತು ಅಂತ ಕುಣಿದರು. ಆಕ್ಸಿಟೋಸಿನ್ ಅನ್ನುವ ಇನ್ನೊಂದು ರಾಸಾಯನಿಕ ಇಲ್ಲದೆ ಈ ಜೋಡಿ ಆಗುವುದೇ ಇಲ್ಲ ಅಂತಲೂ ನಂಬಿದ್ದರು. 2023ರಲ್ಲಿ ಆಕ್ಸಿಟೋಸಿನ್ ಹಿಡಿಯುವ ಜೀನನ್ನೇ ತೆಗೆದ ಪ್ರೇರಿ ವೋಲ್‌ಗಳನ್ನು ಬೆಳೆಸಿ ನೋಡಿದರೆ ಅವೂ ಜೋಡಿ ಕಟ್ಟಿದವು. ಅಷ್ಟು ಸುಲಭದಲ್ಲಿ ಒಂದು ಗುಂಡಿ ಒತ್ತಿದ ಹಾಗೆ ಅಲ್ಲ ಅದು. ನಿಮ್ಮ ವೈದ್ಯೆ ಮೊದಲರ್ಧ ಓದಿಕೊಂಡು ಊರಿಗೆಲ್ಲ ಹೇಳಲಿ, ಅವಳ ಶಿಷ್ಯೆ ಯಾರಾದರೂ ಉಳಿದರ್ಧ ಓದಿಕೊಂಡಿರಲಿ.

ಕಡಲತಡಿ:

ನೀರಿನ ಪಾಲಿನ ಯೋಚನೆ ತುಂಬಾ ಚೆನ್ನಾಗಿದೆ.

ನಿಮ್ಮ ಪ್ರಶ್ನೆಗೆ: ಒಮ್ಮೆ ಬಿಲ್ಲು ಕೊಟ್ಟವನೇ ಮುಂದಿನ ಮಕ್ಕಳಿಗೂ ಅಪ್ಪ. ಬೇರೊಬ್ಬ ಗಂಡ ಇನ್ನೊಮ್ಮೆ ಆ ಶಾಸ್ತ್ರ ಮಾಡುವ ತನಕ ಹಾಗೇ. ಮೊದಲಿನವನು ತೀರಿಹೋಗಿದ್ದರೂ, ಬೇರೆ ಯಾರೂ ಬಿಲ್ಲು ಕೊಡದಿದ್ದರೆ ಹುಟ್ಟಿದ ಮಗು ಅವನದ್ದೇ ಅಂತ ರಿವರ್ಸ್ ಬರೆದಿದ್ದಾರೆ. ಶಾಸ್ತ್ರದ ಆ ಒಳಗಿನ ತರ್ಕವನ್ನು ತೆಗೆದುಕೊಳ್ಳಿ, ಬಿಲ್ಲು ಬಾಣವನ್ನೂ ತೋಡರ ಹೆಸರನ್ನೂ ಬಿಟ್ಟುಬಿಡಿ. ಅವರು ಇವತ್ತೂ ಊಟಿಯ ಸುತ್ತ ಬದುಕುತ್ತಿರುವ ಸಣ್ಣ ಸಮುದಾಯ, ಅವರ ಹಳೇ ಪದ್ಧತಿ ಹಿಡಿದು ಹೊರಗಿನವರು ಬಾಯಿಗೆ ಬಂದ ಹಾಗೆ ಬರೆದದ್ದು ಈಗಲೇ ಸಾಕಷ್ಟಿದೆ. ನಿಮ್ಮ ಜನ ಸಮುದ್ರದಿಂದ ಬಂದವರು. ಅವರು ಕೊಡುವ ವಸ್ತು ದೋಣಿಯದ್ದೇ ಏನಾದರೂ ಆಗಿರಲಿ, ಹುಟ್ಟು ಅಥವಾ ಹಗ್ಗ. ಆ ಹುಡುಗಿಗಂತೂ ಅದನ್ನು ರಿಪೇರಿ ಮಾಡುವುದು ಗೊತ್ತಲ್ವಾ.